ಶಹಾಬಾದಿ ಪರ್ಸಿ ಮ್ಯಾಲ ಓಡೋ ರೋಬೋ ತೊಗರಿ ಹೊಲದಾಗ ಯಾಕ ನಿಲ್ತದ

ಕಲಬುರಗಿಯಾಗ ಇಂಜಿನಿಯರಿಂಗ್ ಹುಡುಗ್ರು, ಅವ್ರ ಅಪ್ಪ-ಅವ್ವ, ಒಂದಿಷ್ಟು ಮಾಸ್ತರು ಕೂಡಿದ್ದ ಸಭಾದಾಗ ನಾ ಮಾತಾಡಿದ್ದು ಇದು. ರೆಕಾರ್ಡಿಂಗ್ ಕೇಳಿ ಕೇಳಿ ಟೈಪ್ ಮಾಡೀನಿ, ಅದಕ್ಕ ಮಾತಿನ ಧಾಟಿ ಇದ್ದಂಗ ಬಿಟ್ಟೀನಿ, ಬರೇ ಮೈಕ್ ಕೈ ಕೊಟ್ಟಿದ್ದು ಮತ್ತ ನಡುನಡುವ ಕೆಮ್ಮಿದ್ದು ತೆಗ್ದೀನಿ.

ಎಲ್ಲಾರಿಗೂ ಶರಣು ಶರಣಾರ್ಥಿ. ಮುಂದಿನ ಸಾಲಿನಾಗ ಹಿರಿಯರು ಕುಂತೀರಿ, ಹುಡುಗ್ರೆಲ್ಲಾ ಹಿಂದ ಬಾಗಿಲ ಹತ್ರ ಕುಂತಾರ, ಅಂದ್ರ ಮಾತು ಯಾರಿಗೆ ಮುಟ್ಬೇಕೋ ಅವ್ರು ಓಡಿ ಹೋಗ್ಲಿಕ್ಕ ತಯಾರಾಗೇ ಬಂದಾರ, ಇರ್ಲಿ.

ರೋಬೋ ಬಂದು ಎಲ್ಲಾರ ನೌಕರಿ ಕಸ್ಕೊಂತದೇನು ಅನ್ನೋದರ ಬಗ್ಗೆ ನಾ ಇವತ್ತು ಮಾತಾಡಂಗಿಲ್ಲ, ಅದು ಟಿವಿಯಾಗ ದಿನಾ ನಡೀತದ. ನನಗ ಹೇಳ್ಬೇಕಾಗಿದ್ದು ಸಣ್ಣ ವಿಷಯ. ನಮ್ ಕಾಲೇಜಿನಾಗ ಹುಡುಗ್ರು ಮಾಡೋ ರೋಬೋ ಲ್ಯಾಬಿನಾಗ ಚಂದ ಓಡ್ತದ, ಹೊರಗ ತಂದ ಕೂಡ್ಲೇ ನಿಲ್ತದ. ನಿಂತ್ರ ಹುಡುಗ್ರು ನಾಚ್ಕೊಂಡು ಎತ್ಕೊಂಡು ಒಳಗ ಹೋಗ್ತಾರ. ನಾ ಹೇಳೋದು ಏನಂದ್ರ ಅಲ್ಲೇ ನಿಂದ್ರಿ, ಎತ್ತಬ್ಯಾಡ್ರಿ, ಯಾಕ ನಿಂತಿತು ಅಂತ ಅಳೀರಿ, ಅಳ್ದಿದ್ದು ಬರ್ದಿಡ್ರಿ, ಯಾಕಂದ್ರ ಸಂಶೋಧನಾ ಅಂತ ಏನು ದೊಡ್ಡ ಮಾತು ಹೇಳ್ತಾರಲ್ಲ ಅದು ಶುರು ಆಗೋದೇ ಆ ಜಾಗಾದಾಗ.

ರೋಬೋ ಅಂದ್ರ ಕಾರ್ಖಾನಿ ಅಂತ ಎಲ್ಲಾರ ತಲಿಯಾಗ ಬರ್ತದ. ಅದೇನ್ ಸುಳ್ಳಲ್ಲ, 1961ರಾಗ ಅಮೆರಿಕದ ನ್ಯೂಜೆರ್ಸಿಯಾಗ ಜನರಲ್ ಮೋಟಾರ್ಸ್ ಕಾರ್ಖಾನಿಯೊಳಗ ಯೂನಿಮೇಟ್ ಅನ್ನೋ ಯಂತ್ರದ ಕೈ ಕೆಲಸಕ್ಕ ನಿಂತಿತು, ಅಚ್ಚಿನಿಂದ ಸುಡೋ ಲೋಹದ ಭಾಗ ತೆಗ್ದು ಇಡೋ ಕೆಲಸ. ಆದ್ರ ಆ ಕೈಗೆ ಕಣ್ಣಿರ್ಲಿಲ್ಲ, ಹೇಳಿದ್ ಜಾಗಾಕ್ಕ ಹೋಗ್ತದ, ಹೇಳಿದ್ ಜಾಗಾದಾಗ ಬಿಡ್ತದ, ಅಷ್ಟೇ. ತಾನೇ ನೋಡಿ, ತಾನೇ ದಾರಿ ವಿಚಾರ ಮಾಡಿ ಹೋಗೋ ಯಂತ್ರ ವಿಶ್ವವಿದ್ಯಾಲಯದ ಕಡಿಂದ ಬಂತು. 1966ರಿಂದ 1972ರ ತನಕ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫೋರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಾಗ ಶೇಕಿ ಅಂತ ಒಂದು ರೋಬೋ ಮಾಡಿದ್ರು, ಓಡುವಾಗ ಗಡಗಡ ನಡುಗ್ತಿತ್ತು ಅಂತ ಆ ಹೆಸ್ರು. ಅದರ ಮಿದುಳು ಅದರ ಮೈಯಾಗ ಇರ್ಲಿಲ್ಲ, ಬ್ಯಾರೆ ಕೋಣ್ಯಾಗ ಒಂದು ದೊಡ್ಡ ಕಂಪ್ಯೂಟರ್ ಇತ್ತು, ರೇಡಿಯೋ ಮ್ಯಾಲ ಮಾತು. ಒಂದು ಡಬ್ಬಿ ಸುತ್ತಿ ಹೋಗ್ಲಿಕ್ಕ ಭಾಳ ಹೊತ್ತು ವಿಚಾರ ಮಾಡ್ತಿತ್ತು. ಇವತ್ತು ನಮ್ ಹುಡುಗ್ರ ಕಣ್ಣಿಗೆ ಅದು ನಗಿ ಬರೋ ವಸ್ತು. ಆದ್ರ ಅದಕ್ಕ ದಾರಿ ಹುಡುಕೋ ಸಲುವಾಗಿ ಹಾರ್ಟ್, ನಿಲ್ಸನ್, ರಾಫೆಲ್ ಅಂತ ಮೂರು ಮಂದಿ 1968ರಾಗ ಎ-ಸ್ಟಾರ್ ಅನ್ನೋ ಲೆಕ್ಕದ ವಿಧಾನ ಬರದ್ರು, ನೀವು ಮೊಬೈಲ್ ಗೇಮಿನಾಗ ಎಲ್ಲೇ ಅಡಗಿದ್ರೂ ವೈರಿ ಸುತ್ತಿ ಬಳಸಿ ನಿಮ್ ಹತ್ರ ಬರ್ತಾನಲ್ಲ, ಅದರ ಹಿಂದ ಇವತ್ತಿಗೂ ಆ ಲೆಕ್ಕನೇ ಅದ. ರೋಬೋ ಈಗ ಮ್ಯೂಸಿಯಮ್ಮಿನಾಗ ನಿಂತದ, ಲೆಕ್ಕ ಎಲ್ಲಾರ ಕಿಸೆದಾಗ ಅದ.

ಇದೆಲ್ಲಾ ಅಮೆರಿಕದ ಕಥಿ ನಮಗೇನು ಅಂತೀರೇನು. 1979ರಾಗ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಾಗ ರೋಬೋಟಿಕ್ಸ್ ಇನ್‌ಸ್ಟಿಟ್ಯೂಟ್ ಶುರು ಆದಾಗ ಅದರ ಮೊದಲ ಡೈರೆಕ್ಟರ್ ಆದವ್ರು ರಾಜ್ ರೆಡ್ಡಿ, ಚಿತ್ತೂರು ಜಿಲ್ಲಾದ ಕಾಟೂರು ಅನ್ನೋ ಹಳ್ಳ್ಯಾಗ ಹುಟ್ಟಿದವ್ರು. 1994ರಾಗ ಅವ್ರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು, ಕಂಪ್ಯೂಟರ್ ವಿಜ್ಞಾನದಾಗ ಭಾಳ ದೊಡ್ಡ ಪ್ರಶಸ್ತಿ ಅದು. ನಮ್ಮವರ ಹೆಸ್ರು ತಗೊಂಡು ಹೆಮ್ಮೆ ಪಡ್ಲಿಕ್ಕ ನಾ ಇದು ಹೇಳ್ಲಾಕತ್ತಿಲ್ಲ, ಹಳ್ಳಿ ಸಾಲಿಯಿಂದ ಬಂದ್ರ ಇದು ಆಗಂಗಿಲ್ಲ ಅಂತ ಹಿಂದ ಕುಂತವ್ರಾಗ ಯಾರರೆ ಅನ್ಕೊಂಡಿದ್ರ ಅದನ್ನ ಬಿಡ್ರಿ ಅಂತ ಹೇಳಿದೆ.

ಈಗ ನಿಂತು ಹೋಗೋದರ ಮಾತು. 2004ರಾಗ ಅಮೆರಿಕದ ರಕ್ಷಣಾ ಇಲಾಖೆಯ ಡಾರ್ಪಾ ಸಂಸ್ಥೆ ಒಂದು ಪಂದ್ಯ ಇಟ್ಟಿತು, ಡ್ರೈವರ್ ಇಲ್ಲದ ಗಾಡಿ ಮರುಭೂಮಿಯಾಗ 200 ಕಿಲೋಮೀಟರಿಗಿಂತ ಹೆಚ್ಚು ದೂರ ತಾನೇ ಓಡ್ಬೇಕು. ದೊಡ್ಡ ದೊಡ್ಡ ವಿಶ್ವವಿದ್ಯಾಲಯ, ರೊಕ್ಕ ಇದ್ದವ್ರು, ಎಲ್ಲಾರೂ ಬಂದ್ರು. ಎಲ್ಲಾರಿಗಿಂತ ಮುಂದ ಹೋದ ಗಾಡಿ 12 ಕಿಲೋಮೀಟರ್ ಸುದ್ದ ಮುಟ್ಟಲಿಲ್ಲ. ಒಂದೂ ಗಾಡಿ ಪಂದ್ಯ ಮುಗಿಸ್ಲಿಲ್ಲ. ಪೇಪರಿನವ್ರು ನಕ್ಕರು. ಮುಂದಿನ ವರ್ಷ 2005ರಾಗ ಅದೇ ಥರದ ದಾರಿ, ಐದು ಗಾಡಿ ಮುಗಿಸಿದ್ವು, ಸ್ಟ್ಯಾನ್‌ಫೋರ್ಡಿನವ್ರ ಸ್ಟ್ಯಾನ್ಲಿ ಏಳು ತಾಸಿನ ಒಳಗ ಬಂದು ಗೆದ್ದಿತು. ನಡುವ ಒಂದೂವರಿ ವರ್ಷ ಅವ್ರು ಮಾಡಿದ್ದೇನು, ಹೊಸಾ ವಿಜ್ಞಾನ ಏನೋ ಆಕಾಶದಿಂದ ಉದುರ್ಲಿಲ್ಲ, ಗಾಡಿ ಎಲ್ಲಿ ನಿಂತಿತು, ಯಾವ ಸೆನ್ಸರ್ ಸುಳ್ಳು ಹೇಳ್ತು, ನೆರಳನ್ನ ಯಾಕ ಕಲ್ಲು ಅಂತ ತಿಳೀತು, ಇದನ್ನೇ ಕುಂತು ಕುಂತು ನೋಡಿದ್ರು.

ಇನ್ನೊಂದು ವಿಷಯ ಹೇಳಿ ನಮ್ ಲ್ಯಾಬಿಗೆ ಬರ್ತೀನಿ. 1997ರಾಗ ಡೀಪ್ ಬ್ಲೂ ಕಂಪ್ಯೂಟರು ಗ್ಯಾರಿ ಕಾಸ್ಪರೋವ್‌ಗೆ ಚೆಸ್ಸಿನಾಗ ಸೋಲಿಸ್ತು, ಜಗತ್ತಿನ ಚಾಂಪಿಯನ್‌ಗೆ. ಆದ್ರ ಇವತ್ತಿಗೂ ಒಂದು ರೋಬೋಗೆ ನಮ್ ಅವ್ವನ ಪಕ್ಕ ಕುಂದ್ರಿಸಿ ಜ್ವಾಳದ ರೊಟ್ಟಿ ಬಡಿ ಅಂದ್ರ ಆಗಂಗಿಲ್ಲ. ರೊಟ್ಟಿ ಮಷೀನ್ ಬಂದಾವಲ್ರಿ ಅಂತೀರಿ, ಬಂದಾವ ಖರೇ, ಅವು ಒತ್ತತಾವ. ಆದ್ರ ಜ್ವಾಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗುಟಿಲ್ಲ, ಅಂಚು ಸೀಳ್ತದ, ಸೀಳೋಕಿಂತ ಮೊದ್ಲೇ ಬೆರಳಿಗೆ ಗೊತ್ತಾಗ್ತದ, ಕೈ ಹಗೂರ ಆಗ್ತದ, ಒಂಚೂರು ನೀರು ಹಚ್ತದ, ಇನ್ನೊಂದ್ ಸುತ್ತು ತಿರುಗಿಸ್ತದ, ಮಾತಾಡ್ತಾ ಮಾತಾಡ್ತಾ. ಹಾನ್ಸ್ ಮೊರಾವೆಕ್ ಅನ್ನೋ ಸಂಶೋಧಕ 1988ರಾಗ ಇದನ್ನೇ ಬರ್ದ, ದೊಡ್ಡವ್ರಿಗೆ ಕಷ್ಟ ಅನ್ನೋ ಲೆಕ್ಕ-ಚೆಸ್ಸು ಯಂತ್ರಕ್ಕ ಹಗೂರ, ವರ್ಷದ ಕೂಸು ಮಾಡೋ ನೋಡೋದು-ಹಿಡಿಯೋದು-ನಡಿಯೋದು ಯಂತ್ರಕ್ಕ ಕಷ್ಟ. ಹಿಂಗಾಗಿ ರೋಬೋಟಿಕ್ಸ್ ಅಂದ್ರ ಬರೇ ಕೋಡಿಂಗ್ ಅಂತ ತಿಳ್ಕೊಂಡು ಬರೋ ಹುಡುಗ್ರಿಗೆ ಮೊದಲ್ನೇ ಸೆಮಿಸ್ಟರಿನಾಗೇ ಪೆಟ್ಟು ಬೀಳ್ತದ.

ಲ್ಯಾಬಿಗೆ ಬರೋಣ. ಎಲ್ಲಾ ಕಾಲೇಜಿನಾಗೂ ಮೊದಲ ರೋಬೋ ಅಂದ್ರ ಲೈನ್ ಫಾಲೋವರ್, ನೆಲದ ಮ್ಯಾಲಿನ ಗೆರಿ ಹಿಡ್ಕೊಂಡು ಹೋಗೋ ಗಾಡಿ. ಬಿಳಿ ಡ್ರಾಯಿಂಗ್ ಶೀಟ್ ಮ್ಯಾಲ ಕರಿ ಟೇಪು, ಗಾಡಿ ಕೆಳಗ ಸೆನ್ಸರು, ಅದರಾಗ ಕಣ್ಣಿಗೆ ಕಾಣಲಾರದ ಇನ್ಫ್ರಾರೆಡ್ ಬೆಳಕಿನ ಒಂದು ಎಲ್‌ಇಡಿ, ಪಕ್ಕದಾಗ ಅದನ್ನ ಹಿಡಿಯೋ ಇನ್ನೊಂದು. ಬಿಳಿ ಶೀಟು ಬೆಳಕು ವಾಪಸ್ ಕೊಡ್ತದ, ಕರಿ ಟೇಪು ನುಂಗ್ತದ. ಶೀಟ್ ಮ್ಯಾಲ ಓಡ್ತದ. ಎಚ್‌ಓಡಿ ಬಂದು ಚಪ್ಪಾಳಿ ಹೊಡ್ದು ಹೋಗ್ತಾರ. ಈಗ ಅದನ್ನ ವರಾಂಡಾಕ್ಕ ತರ್ರಿ. ನಮ್ ಕಡಿ ನೆಲ ಅಂದ್ರ ಏನು, ಶಹಾಬಾದಿ ಪರ್ಸಿ, ನೆಲಕ್ಕ ಹಾಸೋ ಚಪ್ಪಡಿ ಕಲ್ಲು. ಬೂದಿ ಬಣ್ಣ, ಅಲ್ಲಲ್ಲಿ ನೀಲಿ ಛಾಯಾ, ಮಂದಿ ಓಡಾಡಿ ಓಡಾಡಿ ನಡುವ ಹೊಳಿತದ, ಗ್ವಾಡಿ ಕಡಿ ಮಂಕು. ಡ್ರಾಯಿಂಗ್ ಶೀಟಿಗೂ ಟೇಪಿಗೂ ಇದ್ದ ಅಂತರ ಇಲ್ಲಿ ಅರ್ಧಕ್ಕ ಬರ್ತದ. ಮ್ಯಾಲ ಎರಡು ಪರ್ಸಿ ನಡುವಿನ ಸಂದಿನಾಗ ಮಣ್ಣು ಕುಂತು ಕರ್ರಗಾಗಿರ್ತದಲ್ಲ, ರೋಬೋ ಪಾಪ ಅದನ್ನೇ ಗೆರಿ ಅಂತ ತಿಳ್ಕೊಂಡು ಸಂದಿ ಹಿಡ್ಕೊಂಡು ನೆಟ್ಟಗ ಪ್ರಿನ್ಸಿಪಾಲ್ ಚೇಂಬರಿಗೆ ಹೋಗ್ತದ. ಸಂಜಿಮುಂದ ಕಿಟಕಿಯಿಂದ ಬಿಸಲು ಬಿದ್ರಂತೂ ಮುಗೀತು, ಸೂರ್ಯನ ಬೆಳಕಿನಾಗ ಇನ್ಫ್ರಾರೆಡ್ ರಾಶಿ ಅದ, ಸೆನ್ಸರಿಗೆ ಎಲ್ಲಾ ಬಿಳಿನೇ.

ಇಲ್ಲಿ ಹುಡುಗ್ರು ಏನ್ ಮಾಡ್ತಾರ ಅಂದ್ರ ಯೂಟ್ಯೂಬಿನಾಗ ಸಿಕ್ಕ ಕೋಡಿನಾಗ 500 ಅಂತ ಒಂದು ಅಂಕಿ ಇರ್ತದ, ಸೆನ್ಸರ್ ಓದಿದ್ದು ಅದಕ್ಕಿಂತ ಹೆಚ್ಚಾದ್ರ ಕರಿ, ಕಡಿಮಿ ಆದ್ರ ಬಿಳಿ, ಅದನ್ನ 450 ಮಾಡಿ ನೋಡ್ತಾರ, 600 ಮಾಡಿ ನೋಡ್ತಾರ, ಸಿಟ್ಟಿಗೆದ್ದು ಸೆನ್ಸರ್ ಖರಾಬಾಗ್ಯದ ಅಂತಾರ. ಸೆನ್ಸರ್ ಛಲೋನೇ ಇರ್ತದ. ಆ 500 ಯಾವನ್ದೋ ಮನಿ ನೆಲದ ಅಂಕಿ, ನಿಮ್ ನೆಲದ್ದಲ್ಲ. ನಿಮ್ ಪರ್ಸಿ ಮ್ಯಾಲ ಬೆಳಿಗ್ಗಿ, ಮಧ್ಯಾಹ್ನ, ಸಂಜಿ ಸೆನ್ಸರ್ ಇಟ್ಟು ಅಂಕಿ ಬರಕೊಳ್ರಿ. ಆಮ್ಯಾಗ ಎಲ್‌ಇಡಿ ಬಂದ್ ಮಾಡಿ ಒಂದ್ಸಲ ಓದ್ರಿ, ಚಾಲೂ ಮಾಡಿ ಒಂದ್ಸಲ ಓದ್ರಿ, ಎರಡರ ನಡುವಿನ ಅಂತರ ತಗೋರಿ, ಬಿಸಲಿನ ಪಾಲು ಅದರಾಗ ಕಳ್ದು ಹೋಗ್ತದ. ಇಷ್ಟಕ್ಕ ಒಂದು ರೂಪಾಯಿ ಖರ್ಚಿಲ್ಲ. ಇದನ್ನ ನಾಕು ಪಾನು ಬರ್ದ್ರ, ಗ್ರಾಫ್ ಹಾಕಿದ್ರ, ನಮ್ ಜೂನಿಯರ್ ಹುಡುಗ್ರಿಗೆ ಅದು ಯಾವ ಪುಸ್ತಕಕ್ಕಿಂತ ಹೆಚ್ಚು ಉಪಯೋಗ.

ಗೆರಿ ಹಿಡ್ಕೊಂಡು ಓಡ್ಲಿಕ್ಕ ಪಿಐಡಿ ಅಂತ ಒಂದು ಲೆಕ್ಕ ಹಾಕ್ತಾರ, ಅದರ ಮೂರು ಅಂಕಿನೂ ಹಂಗೇ ಕಾಪಿ. ಇದರ ಹಿಂದಿನ ಕಥಿ ಛಲೋ ಅದ. ನಿಕೊಲಾಸ್ ಮಿನೋರ್ಸ್ಕಿ ಅನ್ನೋ ಇಂಜಿನಿಯರ್ 1922ರಾಗ ಹಡಗು ತಾನೇ ನೆಟ್ಟಗ ಹೋಗೋದು ಹೆಂಗ ಅಂತ ಬರದ. ಚುಕ್ಕಾಣಿ ಹಿಡಿದ ಮನುಷ್ಯಾ ಏನ್ ಮಾಡ್ತಾನ ಅಂತ ನೋಡಿದ. ಹಡಗು ಈಗ ಎಷ್ಟು ಅಡ್ಡ ಹೋಗ್ಯದ ಅಂತ ನೋಡ್ತಾನ, ಎಷ್ಟು ಹೊತ್ತಿನಿಂದ ಅಡ್ಡ ಹೋಗ್ಲಾಕತ್ತದ ಅಂತ ನೆನಪಿಡ್ತಾನ, ಎಷ್ಟು ಜೋರಾಗಿ ತಿರುಗ್ಲಾಕತ್ತದ ಅಂತ ಅಂದಾಜು ಹಾಕ್ತಾನ, ಮೂರೂ ಕೂಡ್ಸಿ ಚುಕ್ಕಾಣಿ ತಿರುಗಿಸ್ತಾನ. ಪಿ, ಐ, ಡಿ ಅಂದ್ರ ಅವೇ ಮೂರು. ಅಂದ್ರ ಅದು ಕೆಲ್ಸಾ ಬಲ್ಲ ಮನುಷ್ಯಾನ ಕೈ ನೋಡಿ ಹುಟ್ಟಿದ್ದು, ನಮ್ ಹುಡುಗ್ರು ಅದನ್ನ ಕಂಟ್ರೋಲ್ ಸಿಸ್ಟಮ್ಸ್ ಪೇಪರಿನಾಗ ಹತ್ತು ಮಾರ್ಕಿನ ಪ್ರಶ್ನಿ ಅಂತ ಓದಿ ಮರ್ತ್ ಬಿಡ್ತಾರ.

ನಮ್ ಊರಿನ ಬ್ಯಾಸಗಿ ಬಗ್ಗೆ ಹೇಳ್ದೇ ಹೋದ್ರ ತಪ್ಪಾಗ್ತದ. ಅಲ್ಟ್ರಾಸಾನಿಕ್ ಸೆನ್ಸರ್ ಎಲ್ಲಾರೂ ಹಚ್ತೀರಿ, ಎರಡು ಕಣ್ಣಿನಂಗ ಇರ್ತದಲ್ಲ, ಅದು. ಒಂದು ಕಡಿಂದ 40 ಕಿಲೋಹರ್ಟ್ಜ್ ಶಬ್ದ ಬಿಡ್ತದ, ಗ್ವಾಡಿಗೆ ಹೊಡ್ದು ವಾಪಸ್ ಬರೋ ತನಕ ಎಷ್ಟು ಹೊತ್ತಾಯ್ತು ಅಂತ ಅಳಿತದ, ಅದರಿಂದ ದೂರ ಲೆಕ್ಕ ಹಾಕ್ತೀರಿ. ಕೋಡಿನಾಗ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಅಂತ ಬರದಿರ್ತದ. ಅದು 20 ಡಿಗ್ರಿ ಸೆಲ್ಸಿಯಸ್ಸಿನ ವೇಗ. ಕಲಬುರಗಿಯಾಗ ಮೇ ತಿಂಗಳ ಮಧ್ಯಾಹ್ನ 20 ಡಿಗ್ರಿ ಎಲ್ಲಿಂದ ತರ್ತೀರಿ. 42 ಡಿಗ್ರಿಯಾಗ ಶಬ್ದ ಸೆಕೆಂಡಿಗೆ ಸುಮಾರು 357 ಮೀಟರ್ ಓಡ್ತದ. ಹಿಂಗಾಗಿ ಒಂದು ಮೀಟರ್ ದೂರದ ಗ್ವಾಡಿ ನಿಮ್ ರೋಬೋಗೆ 96 ಸೆಂಟಿಮೀಟರಿನಾಗ ಕಾಣಸ್ತದ. ನಾಕು ಸೆಂಟಿಮೀಟರ್ ಏನ್ ಮಹಾ ಅಂತೀರಿ, ಗ್ವಾಡಿಗೆ ಹಾಯೋದಿಲ್ಲ ಅನ್ನೋದಷ್ಟೇ ಇದ್ರ ಏನಿಲ್ಲ, ಆದ್ರ ಒಂದು ವಸ್ತು ಹಿಡಿಯೋ ಕೈ ಇದ್ರ ಅದು ಗಾಳಿ ಹಿಡ್ಕೊಂಡು ಬರ್ತದ. ಭಾಳ ಸಸ್ತಾದಾಗ ಸಿಗೋ ಒಂದು ಟೆಂಪರೇಚರ್ ಸೆನ್ಸರ್ ಹಚ್ಚಿ ಒಂದು ಸಾಲು ಕೋಡ್ ಬರದ್ರ ಸಾಕು. ಬೆಂಗಳೂರಿನಾಗ ಕುಂತು ಕೋಡ್ ಬರಿಯೋರಿಗೆ ಈ ತಾಪತ್ರಯ ಗೊತ್ತಿಲ್ಲ, ನಮಗ ಗೊತ್ತದ, ಅದು ನಮ್ ಬಂಡವಾಳ.

ಇದೇ ಬಿಸಲಿನಾಗ ತ್ರೀಡಿ ಪ್ರಿಂಟರಿನಾಗ ಪಿಎಲ್‌ಎ ಪ್ಲಾಸ್ಟಿಕ್ಕಿಲೆ ಮಾಡಿದ ಭಾಗ ಬೈಕಿನ ಡಿಕ್ಕಿಯಾಗ ಇಟ್ಟು ಮಧ್ಯಾಹ್ನ ಬಿಟ್ಟು ಹೋಗ್ರಿ, ಸಂಜಿಗೆ ಬಂದ್ರ ಬಗ್ಗಿ ಕುಂತಿರ್ತದ, ಆ ಪ್ಲಾಸ್ಟಿಕ್ಕು 60 ಡಿಗ್ರಿ ಹತ್ರ ಬಂದ್ರ ಮೆತ್ತಗಾಗ್ತದ. ಪಿಇಟಿಜಿ ತಗೋರಿ, ಅದು 80ರ ತನಕ ತಡಿತದ.

ಮತ್ತ ಕರೆಂಟು. ಡೆಮೋ ದಿನ ರೋಬೋ ಯಾಕ ಹುಚ್ಚು ಹಿಡಿದಂಗ ಮಾಡ್ತದ, ಹತ್ತು ಹೆಜ್ಜಿ ಹೋಗಿ ಮತ್ತ ಮೊದಲಿನಿಂದ ಯಾಕ ಶುರು ಮಾಡ್ತದ ಅಂದ್ರ ಕಾರಣ ಹೆಚ್ಚುಕಡಿಮಿ ಇದೇ ಇರ್ತದ. ಮೋಟಾರ್ ಹಗೂರ ತಿರುಗುವಾಗ ಕರೆಂಟ್ ಕಡಿಮಿ ತಿಂತದ, ಗಾಲಿ ಸಿಕ್ಕೊಂಡ್ರ ಅದರ ಹತ್ತು ಪಟ್ಟು ಎಳಿತದ. ಆ ಹೊತ್ತಿಗೆ ಬ್ಯಾಟರಿ ವೋಲ್ಟೇಜ್ ಧಪ್ಪಂತ ಬೀಳ್ತದ, ಅದೇ ಬ್ಯಾಟರಿ ಮ್ಯಾಲ ಆರ್ಡುಯಿನೋ, ಅಂದ್ರ ರೋಬೋದ ಮಿದುಳಿನಂಗ ಇರೋ ಸಣ್ಣ ಬೋರ್ಡು, ಇದ್ರ ಅದು ಸತ್ತು ಹುಟ್ಟತದ. ಮೋಟಾರಿಗೆ ಕರೆಂಟ್ ಕೊಡ್ಲಿಕ್ಕ ಎಲ್ಲಾರೂ ಹಚ್ಚೋ ಎಲ್298 ಡ್ರೈವರ್ ಅಂತೂ ತಾನೇ ಸುಮಾರು ಎರಡು ವೋಲ್ಟ್ ನುಂಗಿ ಬಿಸಿ ಮಾಡ್ಕೊಂತದ, ಹಳೀ ಕಾಲದ ಚಿಪ್ ಅದು, ಸಸ್ತಾ ಅಂತ ಬಿಡವಲ್ರು. ಮೋಟಾರಿಗೆ ಒಂದು ಬ್ಯಾಟರಿ, ಬೋರ್ಡಿಗೆ ಇನ್ನೊಂದು, ಗ್ರೌಂಡ್ ವಾಯರ್ ಮಾತ್ರ ಎರಡಕ್ಕೂ ಒಂದೇ. ಇಷ್ಟು ಮಾಡ್ರಿ, ಅರ್ಧ ದೆವ್ವ ಬಿಟ್ಟು ಹೋಗ್ತಾವ.

ಈಗ ಹೊಲಕ್ಕ ಹೋಗೋಣ, ನನಗ ಹೆಚ್ಚು ಹೇಳ್ಬೇಕಾಗಿದ್ದು ಇದು.

ನಮ್ ಜಿಲ್ಲಾ ಅಂದ್ರ ತೊಗರಿ, ಗುಲ್ಬರ್ಗಾ ತೊಗರಿ ಬ್ಯಾಳಿಗೆ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಊರಿನದೇ ಅನ್ನೋ ಸರ್ಕಾರಿ ಗುರ್ತು, ಸುದ್ದ ಬಂತು. ತೊಗರಿಯಾಗ ಕುಡಿ ಚಿವುಟೋದು ಅಂತ ಒಂದು ಕೆಲ್ಸಾ ಅದ, ರೈತರಿಗೆ ಗೊತ್ತದ, ಹುಡುಗ್ರಿಗೆ ಹೇಳ್ತೀನಿ. ಬಿತ್ತಿ ಒಂದೂವರಿ ತಿಂಗಳಿನ ಸುಮಾರಿಗೆ ಗಿಡದ ತುದಿ ಒಂದೆರಡು ಇಂಚು ಚಿವುಟಿದ್ರ ಗಿಡ ಮ್ಯಾಲ ಏರೋದು ಬಿಟ್ಟು ಅಡ್ಡ ಟೊಂಗಿ ಒಡಿತದ, ಹೂ ಹೆಚ್ಚು, ಕಾಯಿ ಹೆಚ್ಚು. ಕೈಲೆ ಚಿವುಟಬೇಕಂದ್ರ ಆಳು ಬೇಕು, ಬಗ್ಗಿ ಬಗ್ಗಿ ನಡು ಹೋಗ್ತದ, ಆಳು ಸಿಗೋದೇ ಇಲ್ಲ. ಬ್ಯಾಟರಿ ಮ್ಯಾಲ ನಡಿಯೋ ಕೈ ಮಷೀನ್ ಬಂದಾವ, ಅವನ್ನೂ ಒಬ್ಬ ಹಿಡ್ಕೊಂಡು ಸಾಲಿಗೆ ಸಾಲು ನಡಿಬೇಕು. ಇದಕ್ಕ ಒಂದು ರೋಬೋ ಮಾಡ್ತೀವಿ ಅಂತ ಹುಡುಗ್ರು ಬಂದಾಗ ನಾ ಭಾಳ ಖುಷಿ ಆಗಿದ್ದೆ, ಯಾಕಂದ್ರ ಮೊದಲ್ನೇ ಸಲ ಯಾರೋ ಶೀಟ್ ಬಿಟ್ಟು ಹೊಲದ ಮಾತು ಆಡಿದ್ರು.

ಬಂದವರು ಮೊದ್ಲು ಹೇಳಿದ್ದು ಎಐ ಹಾಕ್ತೀವಿ ಸರ್, ಕ್ಯಾಮರಾ ಹಚ್ಚಿ ಒಂದೊಂದ್ ಕುಡಿ ಗುರ್ತು ಹಿಡಿತೀವಿ ಅಂತ. ಅಪ್ಪಾ ತಮ್ಮಾ, ಹಸಿರು ಗಿಡದ ಮ್ಯಾಲ ಹಸಿರು ಕುಡಿ, ಹಿಂದ ಹಸಿರು ಕಸ, ಮ್ಯಾಲ ಗಾಳಿ ಬೀಸಿ ಎಲ್ಲಾ ಅಲ್ಲಾಡ್ತದ, ಯಾಕ ಬೇಕು ಇದು. ಕುಡಿ ಇರೋದು ಗಿಡದ ತುದಿಯಾಗ. ಗಿಡದ ಎತ್ತರ ಗೊತ್ತಾದ್ರ ಮುಗೀತು, ಒಂದು ಬ್ಲೇಡು ಎತ್ತರಕ್ಕ ತಕ್ಕಂಗ ಮ್ಯಾಲ ಕೆಳಗ ಆಗ್ಬೇಕು ಅಷ್ಟೇ, ಎತ್ತರ ಅಳಿಯೋದು ಕ್ಯಾಮರಾಕ್ಕಿಂತ ಭಾಳ ಹಗೂರ ಕೆಲ್ಸಾ. ಎಐ ಅಂತ ಬೋರ್ಡ್ ಹಾಕಿದ್ರ ಪಂದ್ಯದಾಗ ಮಾರ್ಕ್ಸ್ ಬರ್ತಾವ ಅನ್ನೋದು ನನಗೂ ಗೊತ್ತದ, ಆದ್ರ ರೈತರು ಮಾರ್ಕ್ಸ್ ಕೊಡಂಗಿಲ್ಲ.

ಕಷ್ಟ ಇರೋದು ಮ್ಯಾಲಲ್ಲ, ಕೆಳಗ. ಎರಿ ಮಣ್ಣು. ನೀರು ಕುಡಿದ್ರ ಉಬ್ಬೋ ಜೇಡಿ ಅದರಾಗ ತುಂಬ್ಯದ, ಒಣಗಿದ್ರ ಬಿರುಕು ಬಿಡ್ತದ, ಹಸಿ ಇದ್ರ ಗಾಲಿಗೆ ಹತ್ತಿ ಬಿಡಂಗಿಲ್ಲ. ಲೆಕ್ಕ ನೋಡ್ರಿ. 20 ಸೆಂಟಿಮೀಟರ್ ವ್ಯಾಸದ ಗಾಲಿ ಒಂದು ಸುತ್ತಿಗೆ 63 ಸೆಂಟಿಮೀಟರ್ ಹೋಗ್ತದ, ರೋಬೋ ಸುತ್ತು ಎಣಿಸಿ ತಾ ಎಷ್ಟು ದೂರ ಬಂದೆ ಅಂತ ತಿಳ್ಕೊಂತದ. ಗಾಲಿ ಸುತ್ತೂ ಒಂದು ಸೆಂಟಿಮೀಟರ್ ಮಣ್ಣು ಹತ್ತಿದ್ರ ಅದು 22 ಸೆಂಟಿಮೀಟರಿನ ಗಾಲಿ ಆಯ್ತು, ಸುತ್ತಿಗೆ 69. ರೋಬೋ ನೂರು ಮೀಟರ್ ಬಂದೆ ಅಂತ ಹೇಳುವಾಗ ಅದು 110ರ ಹತ್ರ ಇರ್ತದ, ಅಂದ್ರ ಬದು ದಾಟಿ ಮಂದಿ ಹೊಲದಾಗ. ಇದೊಂದೇ ಆಗಿದ್ರ ಲೆಕ್ಕ ಹಾಕಿ ತೆಗಿಬಹುದು. ಆದ್ರ ಅದೇ ಹಸಿ ಮಣ್ಣಿನಾಗ ಗಾಲಿ ಜಾರಿ ಸುಮ್ಮನ ತಿರುಗ್ತದ, ಸುತ್ತು ಎಣಿಕಿ ಏರ್ತದ, ಗಾಡಿ ಇದ್ದಲ್ಲೇ ಇರ್ತದ. ಒಂದು ತಪ್ಪು ಮುಂದ ತಳ್ತದ, ಇನ್ನೊಂದು ಹಿಂದ ಎಳಿತದ, ಯಾವ ಹೊತ್ತಿಗೆ ಯಾವುದು ಹೆಚ್ಚು ಅಂತ ಸುತ್ತು ಎಣಿಸಿ ಗೊತ್ತಾಗಂಗಿಲ್ಲ. ಹಂಗಾದ್ರ ಜಿಪಿಎಸ್ ಹಚ್ರಿ ಅಂತೀರಿ. ಮೊಬೈಲಿನಾಗ ಇರೋ ಜಿಪಿಎಸ್ ಬಯಲಾಗ ಸುದ್ದ ಸುಮಾರು ಐದು ಮೀಟರ್ ಆಕಡಿ ಈಕಡಿ ಹೇಳ್ತದ, ತೊಗರಿ ಸಾಲಿನ ಅಂತರ ಮೂರು-ನಾಕು ಫೂಟು. ಯಾವ ಸಾಲಿನಾಗ ಇದ್ದೀನಿ ಅಂತ ಅದಕ್ಕ ಗೊತ್ತೇ ಇಲ್ಲ. ಆರ್‌ಟಿಕೆ ಅಂತ ಅದ, ಹೊಲದ ಅಂಚಿನಾಗ ಒಂದು ಬೇಸ್ ಇಟ್ಟು ತಪ್ಪು ತಿದ್ದೋದು, ಎರಡು-ಮೂರು ಸೆಂಟಿಮೀಟರಿಗೆ ಬರ್ತದ, ಆದ್ರ ತುಟ್ಟಿ.

ನನ್ನ ಕೇಳಿದ್ರ ಸಾಲು ಕಣ್ಣಿಗೆ ಕಾಣಸ್ತದಲ್ಲ, ಎಡಕ್ಕೊಂದು ಸಾಲು ಬಲಕ್ಕೊಂದು ಸಾಲು, ಎರಡರ ನಡುವ ಹೋಗು ಅಂದ್ರ ಸಾಕು, ಜಗತ್ತಿನಾಗ ಎಲ್ಲಿ ಇದ್ದೀನಿ ಅಂತ ಅದಕ್ಕ ಗೊತ್ತಿರೋ ಗರಜ ಇಲ್ಲ. ಲೈನ್ ಫಾಲೋವರೇ ಅದು, ಗೆರಿ ಮಾತ್ರ ಹಸಿರು.

ಮೋಟಾರು ಎಷ್ಟು ಜೋರಿಂದು ಬೇಕು ಅಂತ ಕೇಳ್ತಾರ. ಸಿಮೆಂಟ್ ನೆಲದ ಮ್ಯಾಲ ಗಾಡಿ ತಳ್ಳಿದ್ದಕ್ಕೂ ಸಡ್ಲ ಮಣ್ಣಿನಾಗ ತಳ್ಳಿದ್ದಕ್ಕೂ ಹತ್ತು ಪಟ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಫರಕ್ ಬರ್ತದ. ಅದಕ್ಕ ಲ್ಯಾಬಿನಾಗ ಲೆಕ್ಕ ಹಾಕಿ ತಂದ ಮೋಟಾರ್ ಹೊಲದಾಗ ಸಾಯ್ತದ. ತೂಕದ ಸ್ಪ್ರಿಂಗ್ ಕಾಟಾ ಗೊತ್ತದಲ್ಲ, ಅದನ್ನ ಗಾಡಿಗೆ ಕಟ್ಟಿ ಹೊಲದಾಗ ಕೈಲೆ ಎಳೀರಿ, ಎಷ್ಟು ಕಿಲೋ ತೋರಿಸ್ತದ ನೋಡ್ರಿ, ಮೋಟಾರ್ ಆಮ್ಯಾಗ ಆರಿಸ್ರಿ. ಗುಜರಿಯಾಗ ಹಳೀ ಕಾರಿನ ವೈಪರ್ ಮೋಟಾರ್ ಸಿಗ್ತಾವ, 12 ವೋಲ್ಟಿನವು, ಒಳಗ ವರ್ಮ್ ಗೇರ್ ಇರ್ತದ, ಮೋಟಾರ್ ಗಾಲಿ ತಿರುಗಿಸ್ತದ ಆದ್ರ ಗಾಲಿಯಿಂದ ಮೋಟಾರ್ ತಿರುಗಂಗಿಲ್ಲ, ಕರೆಂಟ್ ಹೋದ್ರೂ ಇಳಕಲಿನಾಗ ಗಾಡಿ ಹಿಂದ ಉರುಳಂಗಿಲ್ಲ. ಆದ್ರ ಹೊಲದ ನಡುವ ಬ್ಯಾಟರಿ ಸತ್ರ ಗಾಡಿ ತಳ್ಕೊಂಡು ಬರ್ಲಿಕ್ಕೂ ಬರಂಗಿಲ್ಲ, ಹೊತ್ಕೊಂಡೇ ಬರ್ಬೇಕು, ಅದನ್ನೂ ಹೇಳಿರ್ತೀನಿ.

ಈಗ ಒಂದು ಸಿಟ್ಟಿನ ಮಾತು. ಫೈನಲ್ ಇಯರ್ ಪ್ರಾಜೆಕ್ಟ್ ಅಂತ ರೆಡಿಮೇಡ್ ರೋಬೋ ಮಾರೋ ಅಂಗಡಿ ಅವ, ಹೆಸ್ರು ಬ್ಯಾಡ, ನಿಮಗೆಲ್ಲಾ ಗೊತ್ತದ. ರೊಕ್ಕ ಕೊಟ್ರ ರೋಬೋ, ರಿಪೋರ್ಟು, ಪಿಪಿಟಿ, ವೈವಾದಾಗ ಕೇಳೋ ಪ್ರಶ್ನಿಗೆ ಉತ್ತರ, ಎಲ್ಲಾ ಒಂದೇ ಚೀಲದಾಗ. ಹೋದ ವರ್ಷ ಒಂದು ವೈವಾದಾಗ ನಾ ಕುಂತಿದ್ದೆ, ಎರಡು ಬ್ಯಾರೆ ಬ್ಯಾರೆ ತಂಡದವ್ರು ಅಡಚಣಿ ತಪ್ಪಿಸೋ ರೋಬೋ ತಂದಿದ್ರು, ಎರಡರ ಬುಡದಾಗೂ ಒಂದೇ ಥರ ಅಡ್ಡಾದಿಡ್ಡಿ ಹಚ್ಚಿದ ಹಸಿರು ಇನ್ಸುಲೇಷನ್ ಟೇಪ್. ಹುಡುಗ್ರ ಮ್ಯಾಲ ನನಗ ಅಷ್ಟು ಸಿಟ್ಟಿಲ್ಲ, ಏಳನೇ ಸೆಮಿಸ್ಟರ್ ತನಕ ಅವ್ರ ಕೈಯಾಗ ಸೋಲ್ಡರಿಂಗ್ ಐರನ್ ಕೊಡಲಾರದೇ ಎಂಟನೇದ್ರಾಗ ರೋಬೋ ತಾ ಅಂದ್ರ ಎಲ್ಲಿಂದ ತರ್ಬೇಕು ಅವ್ರು. ಸಿಟ್ಟು ಇರೋದು ಓಡಿದ್ರ ಪೂರ್ತಿ ಮಾರ್ಕ್ಸ್, ನಿಂತ್ರ ಸೊನ್ನಿ ಅಂತ ಮಾಡಿಟ್ಟ ನಮ್ ರೂಢಿ ಮ್ಯಾಲ. ಈ ರೂಢಿ ಇರೋ ತನಕ ಆ ಅಂಗಡಿ ಬಂದ್ ಆಗಂಗಿಲ್ಲ, ಯಾಕಂದ್ರ ಅಂಗಡಿಯವ್ರ ರೋಬೋ ಖರೇನೇ ಓಡ್ತದ.

ಸ್ಪರ್ಧಾಕ್ಕ ಹೋಗ್ಬೇಕು ಅನ್ನೋರಿಗೆ ಎರಡು ಮಾತು. ಏಷ್ಯಾ-ಪೆಸಿಫಿಕ್ ದೇಶಗಳ ರೋಬೋಕಾನ್ 2002ರಾಗ ಟೋಕಿಯೋದಾಗ ಶುರು ಆಯ್ತು, ನಮ್ಮಲ್ಲಿ ದೂರದರ್ಶನದವ್ರು ಅದರ ರಾಷ್ಟ್ರೀಯ ಸುತ್ತು ನಡೆಸ್ತಾರ. ವರ್ಷಾ ಹೊಸಾ ಆಟ, ಆತಿಥ್ಯ ವಹಿಸಿದ ದೇಶದವ್ರು ತಮ್ಮ ಸಂಸ್ಕೃತಿಯಿಂದ ಒಂದು ತಗೊಂತಾರ. 2022ರಾಗ ನವದೆಹಲಿಯಾಗ ನಡೀತು, ಆಟ ಯಾವ್ದಿತ್ತು ಗೊತ್ತೇನು, ಲಗೋರಿ. ನಮ್ ಓಣ್ಯಾಗ ಬಿಲ್ಲಿ ಒಟ್ಟಿ ಚಂಡು ಹೊಡಿತಿದ್ವಲ್ಲ ಅದೇ. ಒಂದು ರೋಬೋ ಚಂಡು ಒಗ್ದು ಕೆಡವ್ಬೇಕು, ಇನ್ನೊಂದು ಮತ್ತ ಒಟ್ಟಬೇಕು. ಒಗಿಯೋದು ಹಗೂರ, ಒಟ್ಟೋದು ಕಷ್ಟ, ಚಂಡು ಬಡ್ದು ಎಲ್ಲಿ ಹೋಗಿ ಬಿದ್ದದೋ ಹುಡುಕಿ, ಎತ್ತಿ, ಒಂದರ ಮ್ಯಾಲೊಂದು ನೆಟ್ಟಗ ಇಡಬೇಕು. ಐಐಟಿ ಬಾಂಬೆಯ ಇ-ಯಂತ್ರ ಸ್ಪರ್ಧಾನೂ ಅದ, ಅದು ಮನ್ಯಾಗ ಕುಂತು ಕಲ್ಕೊಂತ ಹೋಗೋರಿಗೆ ಛಲೋ. ಗೆಲ್ಲೋದರ ಬಗ್ಗೆ ನಾ ಏನೂ ಹೇಳಂಗಿಲ್ಲ, ಪುಣೆಯ ಕಾಲೇಜಿನವ್ರು ವರ್ಷಾನುಗಟ್ಲೆ ಅದನ್ನೇ ಮಾಡ್ಕೊಂತ ಬಂದಾರ, ಹಿರಿಯ ಹುಡುಗ್ರು ಕಿರಿಯರಿಗೆ ಕಲಿಸಿ ಹೋಗ್ತಾರ. ನಮ್ಮಲ್ಲಿ ಹಿರಿಯರು ಪಾಸಾಗಿ ಹೋಗುವಾಗ ಟೂಲ್‌ಬಾಕ್ಸ್ ಸುದ್ದ ತಗೊಂಡು ಹೋಗ್ತಾರ.

ವಿದ್ಯಾರ್ಥಿಗಳ ಕೆಲ್ಸಾ ಎಲ್ಲಿ ತನಕ ಮುಟ್ತದ ಅಂತ ನೋಡ್ಬೇಕಂದ್ರ ಕೇರಳಾಕ್ಕ ನೋಡ್ರಿ. ಕುಟ್ಟಿಪ್ಪುರಂ ಇಂಜಿನಿಯರಿಂಗ್ ಕಾಲೇಜಿನಾಗ ಓದಿದ ಹುಡುಗ್ರು ಜೆನ್‌ರೋಬೋಟಿಕ್ಸ್ ಅಂತ ಕಂಪನಿ ಮಾಡಿ ಬ್ಯಾಂಡಿಕೂಟ್ ಅನ್ನೋ ರೋಬೋ ತಂದ್ರು, 2018ರಾಗ ತಿರುವನಂತಪುರದಾಗ ಚಾಲೂ ಆಯ್ತು, ಮ್ಯಾನ್‌ಹೋಲಿನಾಗ ಮನುಷ್ಯಾನ ಬದ್ಲಿ ಅದು ಇಳಿತದ. ಮನುಷ್ಯಾರನ್ನ ಗಟಾರದಾಗ ಇಳಿಸಬಾರ್ದು ಅಂತ 2013ರಾಗೇ ಕಾನೂನು ಆಗ್ಯದ, ಆದ್ರೂ ದೇಶದಾಗ ಮಂದಿ ಇಳೀತಾರ, ಸಾಯ್ತಾರ. ಅಲ್ಲಿ ರೋಬೋ ನೌಕರಿ ಕಸ್ಕೊಂತದೇನು ಅಂತ ಕೇಳೋರಿಗೆ ನಾ ಏನ್ ಹೇಳ್ಲಿ.

ನಮ್ಮಲ್ಲಿ ಏನಿಲ್ಲ ಹೇಳ್ರಿ. ಪಿಡಿಎ ಇಂಜಿನಿಯರಿಂಗ್ ಕಾಲೇಜು 1958ರಿಂದ ಅದ, ಗುಲ್ಬರ್ಗಾ ವಿಶ್ವವಿದ್ಯಾಲಯ 1980ರಾಗ ಆಯ್ತು, ಕಡಗಂಚಿಯಾಗ ಕೇಂದ್ರೀಯ ವಿಶ್ವವಿದ್ಯಾಲಯ 2009ರಾಗ ಬಂತು, ಬೀದರಿನಾಗ ಗುರುನಾನಕ್ ದೇವ್ ಕಾಲೇಜು ಅದ, ಭಾಲ್ಕಿಯಾಗ ಅದ. ಕಡಗಂಚಿಗೆ ಹೋಗೋ ಅದೇ ಆಳಂದ ರಸ್ತ್ಯಾಗ ಕೃಷಿ ಸಂಶೋಧನಾ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಕುಂತಾವ. ಮೋಟಾರ್ ಬಲ್ಲವ್ರು ಒಂದು ಕಡಿ, ತೊಗರಿ ಬಲ್ಲವ್ರು ಇನ್ನೊಂದು ಕಡಿ, ನಡುವ ಬಸ್ಸು ಓಡ್ತದ, ಆದ್ರ ಹತ್ತಿ ಇಳಿಯೋರು ಕಡಿಮಿ. ಕುಡಿ ಚಿವುಟೋ ಹುಡುಗ್ರಿಗೆ ನಾ ಮೊದ್ಲು ಹೇಳಿದ್ದು ಅಲ್ಲಿ ಹೋಗಿ ಸಾಲಿನ ಅಂತರ, ಗಿಡದ ಎತ್ತರ ಕೇಳ್ಕೊಂಡು ಬರ್ರಿ ಅಂತ. ಹೋದ್ರು, ಗಾಡಿ ಅಗಲ ಪೂರ್ತಿ ಬದ್ಲಿ ಮಾಡಿದ್ರು.

ಆಮ್ಯಾಗ ಪ್ರಶ್ನಿ ಕೇಳಿದ್ರು, ಎಲ್ಲಾ ಬರ್ಯೋದಿಲ್ಲ, ಒಂದಿಷ್ಟು.

ಮುಂದಿನ ಸಾಲಿನಾಗ ಕುಂತಿದ್ದ ಒಬ್ಬ ಹಿರಿಯರು ಎದ್ದು, ಮಳಿ ಬಂದ ಮರುದಿನ ನಿಮ್ ಮಷೀನ್ ಹೊಲದಾಗ ಇಳಿತದೇನ್ರಿ ಅಂದ್ರು. ಇಲ್ಲ ಕಾಕಾ, ಇಳಿಯಂಗಿಲ್ಲ. ಎತ್ತು ಯಾವ ಹದಕ್ಕ ಇಳಿತಾವೋ ಇದೂ ಅದೇ ಹದಕ್ಕ ಇಳಿಬೇಕು, ಇಲ್ಲಾಂದ್ರ ಸಿಕ್ಕೊಂತದ. ಹಂಗಾದ್ರ ಎತ್ತಿಗೂ ಇದಕ್ಕೂ ಏನ್ ಫರಕ್ ಅಂದ್ರು. ಇದು ಮೇವು ತಿನ್ನಂಗಿಲ್ಲ, ಆದ್ರ ಸಗಣಿನೂ ಹಾಕಂಗಿಲ್ಲ ಅಂದೆ. ಅವ್ರಿಗೆ ಅದು ಅಷ್ಟು ಮನಸ್ಸಿಗೆ ಬರ್ಲಿಲ್ಲ, ಕುಂತ್ರು.

ಒಬ್ಬಾಕಿ ಹುಡುಗಿ, ಯಾದಗಿರಿ ಕಡೀದು, ಬಿಎಸ್ಸಿ ಓದ್ಲಾಕತ್ತಾಳ, ಸರ್ ನಾ ಇಂಜಿನಿಯರಿಂಗ್ ಅಲ್ಲ, ನನಗ ಇದ್ರಾಗ ಜಾಗಾ ಅದ ಏನು ಅಂದ್ಲು. ತಂಗಿ, ಇವತ್ತು ನಾ ಹೇಳಿದ್ದರಾಗ ಶಬ್ದದ ವೇಗ ಫಿಸಿಕ್ಸು, ಮಣ್ಣು ಉಬ್ಬೋದು ಕೆಮಿಸ್ಟ್ರಿ, ಗಾಲಿ ಲೆಕ್ಕ ಗಣಿತ. ಇಂಜಿನಿಯರಿಂಗ್ ತಂಡದಾಗ ಅಳಿಯೋರು ಯಾವಾಗ್ಲೂ ಕಡಿಮಿ, ಎಲ್ಲಾರಿಗೂ ಓಡಿಸೋ ಆಸಿ. ಅಳಿಯೋ ತಾಳ್ಮಿ ನಿನಗ ಇದ್ರ ಬಂದು ಸೇರ್ಕೊ.

ಡಿಪ್ಲೊಮಾ ಹುಡುಗ ಒಬ್ಬ, ಸರ್ ಆರ್ಡುಯಿನೋ ಕಲೀಲೋ ಆರ್‌ಓಎಸ್ ಕಲೀಲೋ ಅಂತ ಕೇಳ್ದ. ಆರ್‌ಓಎಸ್ ಅಂದ್ರ ದೊಡ್ಡ ರೋಬೋದ ಬ್ಯಾರೆ ಬ್ಯಾರೆ ಪ್ರೋಗ್ರಾಮು ತಮ್ಮತಮ್ಮಾಗ ಮಾತಾಡ್ಲಿಕ್ಕ ಇರೋ ವ್ಯವಸ್ಥಾ, ಸಂಶೋಧನಾದಾಗ ಎಲ್ಲಾರೂ ಅದನ್ನೇ ಹಚ್ತಾರ, ಪುಕ್ಕಟ ಸಿಗ್ತದ. ಅದರ ಮೊದಲ ಆವೃತ್ತಿಯ ಕೊನೀ ಬಿಡುಗಡೆಗೆ 2025ರ ಮೇ ತಿಂಗಳಿನಾಗ ಸಪೋರ್ಟ್ ಬಂದ್ ಆಗ್ಯದ, ಅದಕ್ಕ ಕಲಿಯೋದಿದ್ರ ಎರಡನೇದೇ ಕಲಿ, ಹಳೀ ಯೂಟ್ಯೂಬ್ ಪಾಠ ನೋಡಿ ವ್ಯಾಳ್ಯಾ ಹಾಳು ಮಾಡ್ಕೊಬ್ಯಾಡ. ಆದ್ರ ಒಂದು ಮೋಟಾರ್ ನಿನ್ನ ಕೈಲೆ ತಿರುಗಿಸೋ ತನಕ ಅದರ ಹತ್ರ ಹೋಗಬ್ಯಾಡ.

ನೌಕರಿ ಸಿಗ್ತದೇನು ಅಂತ ಒಬ್ಬ ತಂದಿ ಕೇಳಿದ್ರು, ಕೇಳೋದು ನ್ಯಾಯನೇ, ಫೀ ಕಟ್ಟೋರು ಅವ್ರು. ಕಲಬುರಗಿಯಾಗ ರೋಬೋಟಿಕ್ಸ್ ಇಂಜಿನಿಯರ್ ಬೇಕಾಗ್ಯಾರ ಅಂತ ಬೋರ್ಡ್ ನಾ ನೋಡಿಲ್ರಿ ಅಂದೆ. ಹೊರಗ ಹೋಗ್ಬೇಕು, ಪುಣೆ, ಹೈದರಾಬಾದ್, ಬೆಂಗಳೂರು. ಆದ್ರ ಮೋಟಾರ್, ಸೆನ್ಸರ್, ಬ್ಯಾಟರಿ ಕೈಯಾಗ ಆಡಿಸಿದ ಹುಡುಗಗ ಕಾರಿನ ಕಂಪನಿ, ಸೋಲಾರ್, ಕಾರ್ಖಾನಿ ಮೆಂಟೇನೆನ್ಸ್, ಎಲ್ಲಾ ಕಡಿ ಕೆಲ್ಸಾ ಅದ, ಅಲ್ಲಿ ರೋಬೋ ಅಂತ ಹೆಸ್ರು ಇರಂಗಿಲ್ಲ ಅಷ್ಟೇ.

ಕಡೀಕ ಹಿಂದಿನಿಂದ ಒಬ್ಬ ಕೂಗಿ ಕೇಳ್ದ, ಸರ್ ಮುಂದಿನ ವಾರ ಹೈದರಾಬಾದ್ ಕೋಠಿಗೆ ಹೊಂಟೀವಿ ಸಾಮಾನು ತರ್ಲಿಕ್ಕ, ಏನೇನು ತರ್ಬೇಕು ಹೇಳ್ರಿ. ಎಷ್ಟು ರೊಕ್ಕ ಕೂಡಿಸೀರಿ ಅಂದೆ, ಹೇಳಿದ, ಹೆಚ್ಚಿಲ್ಲ. ಮೊದ್ಲು ಒಂದು ಛಲೋ ಮಲ್ಟಿಮೀಟರ್ ತಗೋರಿ, ಹತ್ತು ಆಂಪಿಯರ್ ತನಕ ಅಳಿಯೋದು, ಸಸ್ತಾದ್ದು ಬ್ಯಾಡ. ಒಂದು ಸೋಲ್ಡರಿಂಗ್ ಐರನ್, ದಪ್ಪ ವಾಯರ್, ಫ್ಯೂಸು. ಲಿಥಿಯಂ ಪಾಲಿಮರ್ ಬ್ಯಾಟರಿ ತಗೊಂಡ್ರ ಎಲ್ಲಾ ಸೆಲ್ಲು ಸಮಾ ತುಂಬೋ ಬ್ಯಾಲೆನ್ಸ್ ಚಾರ್ಜರ್ ಸಂಗಟ್ಲೇ ತಗೋರಿ, ಒಂದೊಂದು ಸೆಲ್ಲು 4.2 ವೋಲ್ಟ್ ದಾಟಬಾರ್ದು, 3ಕ್ಕಿಂತ ಕೆಳಗ ಇಳಿಬಾರ್ದು, ಉಬ್ಬಿದ್ದು ಕಂಡ್ರ ಮತ್ತ ಚಾರ್ಜ್ ಹಚ್ಚಬ್ಯಾಡ್ರಿ, ಬರುವಾಗ ಬಸ್ಸಿನ ಡಿಕ್ಕಿಯಾಗ ಬಿಸಲಿಗೆ ಒಗಿಬ್ಯಾಡ್ರಿ, ಕೈಚೀಲದಾಗ ಇಟ್ಕೊಂಡು ಕುಂದರ್ರಿ. ಮೋಟಾರ್ ಈ ಸಲ ತರಬ್ಯಾಡ್ರಿ. ಗಾಡಿ ಚೌಕಟ್ಟು ಮೊದ್ಲು ಮಾಡ್ರಿ, ಹೊಲದಾಗ ಕಾಟಾ ಕಟ್ಟಿ ಎಳೀರಿ, ಅಂಕಿ ಬರ್ಲಿ, ಮುಂದಿನ ಸಲ ಹೋಗಿ ತರೋದು.